ಅಕ್ಷರ ಗೊತ್ತು, ಪದ ಓದಲಾಗುತ್ತಿಲ್ಲ: ವಯಸ್ಕರ ಕಲಿಕೆಯ ತೊಡಕು ಹುಡುಕುವ ಬಗೆ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಸಾಕ್ಷರತಾ ಕೇಂದ್ರದಲ್ಲಿ ಪ್ರೇರಕ್, ವಯಸ್ಕರಿಗೆ ಕಲಿಸುವುದು ನನ್ನ ಕೆಲಸ. ಕನ್ನಡ ಮಾಧ್ಯಮದ ನಮ್ಮ ತರಗತಿಯಲ್ಲಿ ಹನ್ನೊಂದು ಜನ. ಅವರಲ್ಲಿ ಮೂವರು ಎಷ್ಟು ಹೇಳಿಕೊಟ್ಟರೂ ನಿಂತಲ್ಲೇ ನಿಂತಿದ್ದಾರೆ. ಒಬ್ಬ ಅಕ್ಕನಿಗೆ 41 ವರ್ಷ, ಮನೆಮಾತು ತುಳು, ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವರು. ಬಿಡಿ ಅಕ್ಷರ ತೋರಿಸಿದರೆ ಹೇಳುತ್ತಾರೆ. ಪದ ಕೊಟ್ಟರೆ ಕೊನೆಯ ಅಕ್ಷರಕ್ಕೆ ಬರುವಾಗ ಮೊದಲನೆಯದು ಮರೆತಿರುತ್ತದೆ. ‘ಅಕ್ಕ’ ಬರೆಯಲು ಹೇಳಿದರೆ ‘ಅಕ’ ಬರೆಯುತ್ತಾರೆ, ‘ಸೂರ್ಯ’ವನ್ನು ‘ಸೂಯ್ರ’ ಎಂದು ಓದುತ್ತಾರೆ. ಮಜೂರಿಯ ಲೆಕ್ಕ ಮಾತ್ರ ಬಾಯಲ್ಲೇ, ನನಗಿಂತ ಬೇಗ. ‘ಎನ್ನ ಮಂಡೆಗ್ ಪೋಪುಜಿ ಟೀಚರೇ’ (ನನ್ನ ತಲೆಗೆ ಹೋಗುವುದಿಲ್ಲ ಟೀಚರೇ) ಎಂದು ಬಿಟ್ಟುಹೋಗುವ ಯೋಚನೆಯಲ್ಲಿದ್ದಾರೆ. ಒಂದು ತರಬೇತಿಯಲ್ಲಿ, ಕಲಿಯುವವರನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮೂರು ಗುಂಪು ಮಾಡಿ ಪಾಠ ಮಾಡಬೇಕು ಎಂದಿದ್ದರು. ಇವರು ನೋಡಿ ಕಲಿಯುವವರೆಂದು ತಿಳಿದು ಚಿತ್ರದ ಚಾರ್ಟು ಮಾಡಿದೆ, ಪ್ರಯೋಜನವಾಗಲಿಲ್ಲ. ಇವರು ಯಾವ ಗುಂಪು? ಇದು ಡಿಸ್ಲೆಕ್ಸಿಯಾ ಎನ್ನುವ ಓದಿನ ತೊಡಕೇ? ಈ ವಯಸ್ಸಿಗೆ ಸರಿಹೋದೀತೇ? ಶಾಲೆಯ ತರಗತಿಗೆ ಸಮನಾದ ತುಲ್ಯತಾ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದೇ?

ಉತ್ತರ: ಮೂರು ಗುಂಪಿನ ಲೆಕ್ಕವನ್ನು ಮೊದಲು ಕೈಬಿಡಿ. ಶಿಕ್ಷಕರ ತರಬೇತಿಗಳಲ್ಲಿ ಇದು ಬಹಳ ಕಾಲದಿಂದ ಓಡಾಡುತ್ತಿದೆ, ಕೇಳಲು ಹಿತವಾಗಿಯೂ ಇದೆ. ಆದರೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ ನೋಡಿದಾಗ, ಗುಂಪಿಗೆ ತಕ್ಕ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎನ್ನುವುದಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ. ಜನರಿಗೆ ಇಷ್ಟಗಳಿರುವುದು ನಿಜ. ಒಬ್ಬರಿಗೆ ಚಿತ್ರ ಇಷ್ಟ, ಇನ್ನೊಬ್ಬರಿಗೆ ಮಾತು. ಇಷ್ಟವಾದ ದಾರಿಯಲ್ಲೇ ಚೆನ್ನಾಗಿ ಕಲಿಯುತ್ತಾರೆ ಎಂಬುದು ಅದರಿಂದ ಬರುವುದಿಲ್ಲ. ಹೇಗೆ ಕಲಿಸಬೇಕು ಎನ್ನುವುದನ್ನು ಬಹುಮಟ್ಟಿಗೆ ಕಲಿಯುವ ವಸ್ತುವೇ ನಿರ್ಧರಿಸುತ್ತದೆ: ಅಕ್ಷರವನ್ನು ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ, ಕೈಯಿಂದ ಬರೆದೇ ಕಲಿಯಬೇಕು, ಯಾರಾದರೂ ಸರಿ.

ನಿಮ್ಮ ಚಾರ್ಟು ಸೋತದ್ದಕ್ಕೂ ಕಾರಣ ಇದೆ. ‘ಆ’ ಪಕ್ಕದಲ್ಲಿ ಆನೆಯ ಚಿತ್ರವಿದ್ದರೆ ಕಣ್ಣು ಆನೆಯ ಮೇಲೆ ಕೂರುತ್ತದೆ, ಬಾಯಿ ‘ಆನೆ’ ಎನ್ನುತ್ತದೆ, ಅಕ್ಷರ ನೋಡುವ ಕೆಲಸವೇ ನಡೆಯುವುದಿಲ್ಲ. ಚಿತ್ರ ಮುಚ್ಚಿ ಕೇಳಿ, ಗೊತ್ತಾಗುತ್ತದೆ. ಚಿತ್ರ ಬೇಕಾದರೆ ಕಾರ್ಡಿನ ಹಿಂಬದಿಯಲ್ಲಿರಲಿ, ಓದಿ ಮುಗಿಸಿದ ಮೇಲೆ ತಿರುಗಿಸಿ ಸರಿಯೇ ಎಂದು ನೋಡಿಕೊಳ್ಳಲಿ.

ಜನರಲ್ಲಿ ನಿಜವಾಗಿ ವ್ಯತ್ಯಾಸವಿರುವುದು ಬೇರೆ ಕಡೆ. ಈಗಾಗಲೇ ಎಷ್ಟು ಗೊತ್ತಿದೆ, ಪಾಠದ ಭಾಷೆ ಮನೆಯಲ್ಲಿದೆಯೇ, ಒಮ್ಮೆಗೆ ಎಷ್ಟು ತುಣುಕು ತಲೆಯಲ್ಲಿ ಹಿಡಿದಿಡಬಲ್ಲರು, ಅಕ್ಷರ ಕಂಡಕೂಡಲೇ ಧ್ವನಿ ಎಷ್ಟು ಬೇಗ ನಾಲಿಗೆಗೆ ಬರುತ್ತದೆ, ಕಣ್ಣು ಕಿವಿ ಹೇಗಿವೆ, ದಿನವಿಡೀ ದುಡಿದು ಬಂದ ಮೈಯಲ್ಲಿ ಎಷ್ಟು ಉಳಿದಿದೆ. ಆ ಅಕ್ಕ ಯಾವ ಗುಂಪು ಎಂಬ ಪ್ರಶ್ನೆಯ ಜಾಗದಲ್ಲಿ, ಅವರ ಓದು ಯಾವ ಮೆಟ್ಟಿಲಲ್ಲಿ ಎಡವುತ್ತಿದೆ ಎಂದು ಕೇಳಿ. ಅದನ್ನು ಅರ್ಧ ಗಂಟೆಯಲ್ಲಿ ಕಂಡುಹಿಡಿಯಬಹುದು.

ಅದಕ್ಕೂ ಮೊದಲು ಕಣ್ಣು

41 ಎಂದರೆ ಚಾಳೀಸು ಶುರುವಾಗುವ ವಯಸ್ಸು. ಬೀಡಿ ಕಟ್ಟುವುದು ಬೆರಳಿನ ಅಭ್ಯಾಸದಿಂದ ನಡೆಯುವ ಕೆಲಸವಾದ್ದರಿಂದ ಕಣ್ಣು ಮಂಜಾದದ್ದು ಅವರಿಗೇ ಗೊತ್ತಿರುವುದಿಲ್ಲ. ಪುಸ್ತಕವನ್ನು ಒಂದೂಕಾಲು ಅಡಿ ದೂರ ಹಿಡಿದು ಓದಿಸಿ, ಆಮೇಲೆ ಕೈ ನೀಡಿ ದೂರ ಹಿಡಿಸಿ. ದೂರ ಹಿಡಿದಾಗ ಸಲೀಸಾದರೆ, ಅಥವಾ ಸಂಜೆಯ ಬಲ್ಬಿನ ಬೆಳಕಿಗಿಂತ ಹಗಲಲ್ಲಿ ಚೆನ್ನಾಗಿ ಓದಿದರೆ, ಮೊದಲು ಕಣ್ಣಿನ ಪರೀಕ್ಷೆಗೆ ಕಳಿಸಿ. ನಲವತ್ತರ ಆಸುಪಾಸಿನವರಿಗೆ ಸಾಮಾನ್ಯವಾಗಿ ಬೇಕಾಗುವುದು +1.00ರಿಂದ +1.50ರ ಓದುವ ಕನ್ನಡಕ. ಕನ್ನಡದಲ್ಲಿ ಇದು ಇನ್ನೂ ಮುಖ್ಯ: ಒತ್ತು, ಕೊಂಬು, ದೀರ್ಘದ ಗೆರೆ ಎಲ್ಲ ಅಕ್ಷರಕ್ಕಿಂತ ಸಣ್ಣವು, ಮಂಜುಗಣ್ಣಿಗೆ ಮೊದಲು ಕಾಣೆಯಾಗುವುದು ಅವೇ.

ಕಿವಿಗೆ, ಅವರ ಹಿಂದೆ ನಿಂತು ಜೋಡಿ ಪದ ಹೇಳಿ, ಎರಡೂ ಒಂದೇಯೋ ಬೇರೆಯೋ ಎಂದು ಕೇಳಿ: ಕಲ್ಲು–ಕಳ್ಳು, ಹುಲಿ–ಹುಳಿ, ಬೆಲೆ–ಬೆಳೆ, ಸಾಲು–ಶಾಲು, ಕತೆ–ಕತ್ತೆ. ನಡುವೆ ಒಂದೇ ಪದವನ್ನು ಎರಡು ಸಲ ಹೇಳಿದ ಜೋಡಿಗಳೂ ಇರಲಿ. ಹತ್ತರಲ್ಲಿ ಮೂರು ನಾಲ್ಕು ತಪ್ಪಿದರೆ ಶ್ರವಣ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳು ನಿಮ್ಮ ಸುತ್ತಲೇ ಇವೆ, ಹಾಗಾಗಿ ಯಾರಿಗೆ ಏನು ತೊಡಕಾದರೂ ಆ ಹೆಸರು ಬೇಗ ಬಾಯಿಗೆ ಬರುತ್ತದೆ. ಮಾತು, ನಡವಳಿಕೆ, ಲೆಕ್ಕ ಎಲ್ಲ ಸರಿಯಿದ್ದು ಓದು ಮಾತ್ರ ಬಾರದ ವಯಸ್ಕರ ವಿಷಯದಲ್ಲಿ ಆ ತೀರ್ಮಾನಕ್ಕೆ ಜಿಗಿಯಬೇಡಿ.

ನಾಲ್ಕು ಚಿಕ್ಕ ಪರೀಕ್ಷೆ

ಒಬ್ಬರೇ ಇರುವಾಗ ಮಾಡಿ. ಪರೀಕ್ಷೆ ಎಂಬ ಪದವನ್ನೇ ಬಳಸಬೇಡಿ, ‘ಎಲ್ಲಿ ಕಷ್ಟ ಆಗ್ತದೆ ನೋಡುವ’ ಎಂದರೆ ಸಾಕು.

ಮೊದಲನೆಯದು ಬರಹವಿಲ್ಲದೆ, ಬಾಯಲ್ಲೇ. ‘ಅಡಿಕೆ’ಯನ್ನು ತುಂಡು ಮಾಡಿಸಿ: ಅ–ಡಿ–ಕೆ. ‘ಅ’ ತೆಗೆದರೆ ಏನುಳಿಯುತ್ತದೆ? ಓದುಬರಹ ಬಾರದವರಿಗೂ ಇದು ಸಾಮಾನ್ಯವಾಗಿ ಬರುತ್ತದೆ, ಏಕೆಂದರೆ ಅಕ್ಷರವಾಗಿ ಮುರಿಯುವುದು ಬಾಯಿಗೆ ಸಹಜ. ಆಮೇಲೆ ಸೂಕ್ಷ್ಮಕ್ಕೆ ಹೋಗಿ: ‘ಮಳೆ’ಗೂ ‘ಮೊಳೆ’ಗೂ ಎಲ್ಲಿ ವ್ಯತ್ಯಾಸ? ‘ಕಿ’ಯಲ್ಲಿ ಇರುವ ಎರಡು ಧ್ವನಿ ಯಾವುವು? ಇಲ್ಲಿ ತಡವರಿಸಿದರೆ ಗಾಬರಿಯಾಗಬೇಡಿ. 1979ರಲ್ಲಿ ಜೋಸೆ ಮೊರೈಸ್ ಮತ್ತು ಸಂಗಡಿಗರು ಪೋರ್ಚುಗಲ್ಲಿನ ನಿರಕ್ಷರಿ ವಯಸ್ಕರಲ್ಲಿ ಇದನ್ನೇ ನೋಡಿದ್ದರು. ಪದದ ಮೊದಲ ಧ್ವನಿಯೊಂದನ್ನೇ ಕಿತ್ತು ಹೇಳಲು ಅವರಿಗೆ ಆಗಲಿಲ್ಲ, ದೊಡ್ಡವರಾದ ಮೇಲೆ ಓದು ಕಲಿತವರಿಗೆ ಆಯಿತು. ಅಂದರೆ ಆ ಶಕ್ತಿ ವಯಸ್ಸಿನಿಂದ ಬರುವಂಥದ್ದಲ್ಲ, ಲಿಪಿ ಕಲಿಯುತ್ತಾ ಬರುವಂಥದ್ದು. ಓದಲು ಬಾರದ್ದಕ್ಕೆ ಇದೇ ಕಾರಣ ಎಂದು ಈ ಒಂದರಿಂದಲೇ ಹೇಳಲಾಗದು.

ಎರಡನೆಯದಕ್ಕೆ ನಲವತ್ತು ಕಾರ್ಡು: ಇಪ್ಪತ್ತು ಮೂಲಾಕ್ಷರ, ಹನ್ನೆರಡು ಗುಣಿತ, ಎಂಟು ಒತ್ತಕ್ಷರ. ಕಲೆಸಿ ಒಂದೊಂದೇ ತೋರಿಸಿ. ಸರಿ ತಪ್ಪು ಮಾತ್ರ ಬರೆದುಕೊಂಡರೆ ಅರ್ಧ ಮಾಹಿತಿ ಕಳೆದುಹೋಗುತ್ತದೆ. ಥಟ್ಟನೆ ಬಂದದ್ದಕ್ಕೆ ಒಂದು ಗುರುತು, ಯೋಚಿಸಿ ಸರಿ ಹೇಳಿದ್ದಕ್ಕೆ ಇನ್ನೊಂದು, ತಪ್ಪಿದ್ದಕ್ಕೆ ಮತ್ತೊಂದು ಹಾಕಿ. ನಿಮ್ಮ ಅಕ್ಕನ ಗುಟ್ಟು ಬಹುಶಃ ನಡುವಿನ ಗುರುತಿನಲ್ಲಿದೆ. ಒಂದೊಂದು ಅಕ್ಷರಕ್ಕೆ ಮೂರು ಸೆಕೆಂಡು ಬೇಕಾದರೆ ನಾಲ್ಕಕ್ಷರದ ಪದಕ್ಕೆ ಹನ್ನೆರಡು ಸೆಕೆಂಡು. ಅಷ್ಟು ಹೊತ್ತು ಮೊದಲನೆಯದನ್ನು ಹಿಡಿದಿಡುವುದು ಯಾರಿಗೂ ಕಷ್ಟ. ‘ಮೊದಲನೆಯದು ಮರೆಯುತ್ತದೆ’ ಎಂದು ಕಾಣುವುದು ಎಷ್ಟೋ ಸಲ ನೆನಪಿನ ತೊಂದರೆಯಲ್ಲ, ಅಕ್ಷರ ಇನ್ನೂ ಗಟ್ಟಿಯಾಗದೇ ಇರುವುದು. ‘ಗೊತ್ತಿದೆ’ ಎಂದು ನಾವು ಮುಂದೆ ಹೋಗಿರುತ್ತೇವೆ.

ಮೂರನೆಯದು ಅರ್ಥವಿಲ್ಲದ ಪದ: ಲಮಿ, ಗಟು, ನೋಸೆ, ಮಿಗಟ, ದೂಲಪಿ. ‘ಬಸ್ಸು’, ‘ಅಮ್ಮ’ ಮುಂತಾದವನ್ನು ಆಕಾರ ನೋಡಿಯೇ ಹೇಳಿಬಿಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ನಾಲ್ಕನೆಯದಕ್ಕೆ ಹತ್ತು ಸಾಲಿನ ಒಂದು ಸುದ್ದಿಯನ್ನು ನೀವೇ ಓದಿ ಹೇಳಿ, ಮೊದಲು ಕನ್ನಡದಲ್ಲಿ, ಇನ್ನೊಂದು ಸುದ್ದಿಯನ್ನು ತುಳುವಿನಲ್ಲಿ. ಪ್ರಶ್ನೆ ಕೇಳಿ. ಎರಡೂ ಅರ್ಥವಾಗಿ ಓದು ಮಾತ್ರ ಬಾರದಿದ್ದರೆ ತೊಡಕು ಅಕ್ಷರ ಬಿಡಿಸುವಲ್ಲಿ. ತುಳುವಿನಲ್ಲಿ ಆಗಿ ಕನ್ನಡದಲ್ಲಿ ಆಗದಿದ್ದರೆ ಪುಸ್ತಕದ ಕನ್ನಡವೇ ಅವರಿಗೆ ದೂರ. ಎರಡೂ ಕಡೆ ತೀರಾ ಕಷ್ಟವಾದರೆ, ಮತ್ತು ಹಣ, ಹೊತ್ತು, ಬಸ್ಸು ಹಿಡಿಯುವಂಥ ದಿನದ ವ್ಯವಹಾರಗಳಲ್ಲೂ ಇನ್ನೊಬ್ಬರನ್ನು ನೆಚ್ಚಿದ್ದರೆ, ಅದು ಬರೀ ಓದಿನ ತೊಡಕಲ್ಲ. ಬೇರೆ ನೆರವು ಬೇಕು.

ಹಾಗಾದರೆ ಡಿಸ್ಲೆಕ್ಸಿಯಾವೇ?

ಇರಬಹುದು. ಆದರೆ ಈಗಲೇ ಹೆಸರಿಡಬೇಡಿ. ವರ್ಣಮಾಲೆಯಲ್ಲಿ 49 ಅಕ್ಷರ ಎನ್ನುತ್ತೇವೆ. ಓದುವವರು ನಿಜಕ್ಕೂ ಗುರುತಿಸಬೇಕಾದ್ದು 34 ವ್ಯಂಜನಕ್ಕೆ ತಲಾ 15 ರೂಪ, ಅಂದರೆ 510, ಅದರ ಮೇಲೆ ಒತ್ತಕ್ಷರಗಳು. ಬೆಂಗಳೂರಿನಲ್ಲಿ ಕನ್ನಡ ಕಲಿಯುವ ಮಕ್ಕಳ ಮೇಲೆ ಸೊನಾಲಿ ನಾಗ್ ಮಾಡಿದ ಅಧ್ಯಯನಗಳಲ್ಲಿ ಕಂಡದ್ದೇನೆಂದರೆ, ದಿನವೂ ಶಾಲೆಗೆ ಹೋಗುವ ಮಕ್ಕಳಿಗೂ ಈ ಅಕ್ಷರಸಂಪತ್ತು ನಾಲ್ಕನೇ ತರಗತಿಯ ತನಕ ನಿಧಾನವಾಗಿಯೇ ಕೂಡುತ್ತಾ ಹೋಗುತ್ತದೆ. ನಾಲ್ಕಕ್ಕೆ ಶಾಲೆ ಬಿಟ್ಟು ಮೂವತ್ತು ವರ್ಷ ಅಕ್ಷರ ಮುಟ್ಟದವರಲ್ಲಿ ಒತ್ತಕ್ಷರ ತಪ್ಪುವುದಕ್ಕೆ ರೋಗದ ಹೆಸರು ಬೇಕಿಲ್ಲ.

ಡಿಸ್ಲೆಕ್ಸಿಯಾದ ಕಡೆಗೆ ಬೆರಳು ತೋರುವ ಸಂಗತಿಗಳು ಬೇರೆ: ಶಾಲೆಯಲ್ಲಿದ್ದಾಗಲೂ ಜೊತೆಯವರಿಗಿಂತ ಬಹಳ ಹಿಂದಿದ್ದರು, ಒಡಹುಟ್ಟಿದವರಲ್ಲಿ ಅಥವಾ ಮಕ್ಕಳಲ್ಲಿ ಇದೇ ತೊಂದರೆ ಇದೆ, ಗೊತ್ತಿರುವ ಹೆಸರೂ ಹೊತ್ತಿಗೆ ನಾಲಿಗೆಗೆ ಬರುವುದಿಲ್ಲ, ತರಗತಿಯ ಉಳಿದವರಿಗೆ ಸಾಕಾದ ಪಾಠ ಇವರಿಗೆ ಸಾಲುವುದಿಲ್ಲ. ಈ ಕೊನೆಯದೇ ಹೆಚ್ಚು ತೂಕದ್ದು. ಕೆಳಗೆ ಹೇಳುವ ಹಾಗೆ ಎಂಟು ವಾರ ತಪ್ಪದೆ ಕಲಿಸಿ, ವಾರವಾರದ ಗುರುತು ಇಟ್ಟುಕೊಳ್ಳಿ. ಆಗಲೂ ಗಟ್ಟಿ ಅಕ್ಷರಗಳ ಸಂಖ್ಯೆ ಏರದಿದ್ದರೆ ತಜ್ಞರಿಗೆ ತೋರಿಸುವುದು ಸರಿ, ನಿಮ್ಮ ಗುರುತಿನ ಪುಸ್ತಕವನ್ನೂ ಜೊತೆಗೆ ಕಳಿಸಿ. ಕಲಿಸುವ ಬಗೆ ಮಾತ್ರ ಹೆಸರು ಸಿಕ್ಕಿದರೂ ಸಿಗದಿದ್ದರೂ ಹೆಚ್ಚುಕಡಿಮೆ ಒಂದೇ.

ಕಲಿಸುವ ಕ್ರಮ

ಅ ಆ ಇ ಈ ಇಂದ ಶುರು ಮಾಡಬೇಡಿ. ವರ್ಣಮಾಲೆಯ ಕ್ರಮ ವ್ಯಾಕರಣಕ್ಕೆ ಚೆಂದ. ಓದು ಕಲಿಯುವವರಿಗೆ ಅದು ಕಷ್ಟ, ಏಕೆಂದರೆ ಅಷ್ಟೂ ಸ್ವರ ಕಲಿತ ಮೇಲೂ ಒಂದು ಒಳ್ಳೆಯ ಪದ ಓದಲು ಸಿಗುವುದಿಲ್ಲ. ‘ರ ಗ ಸ ದ ಅ’ ಕ್ರಮ ನಿಮಗೆ ಗೊತ್ತಿರಬಹುದು. ಐದೇ ಅಕ್ಷರಕ್ಕೆ ದರ, ಸರ, ರಸ, ಅಗಸ, ಗರಗಸ ಓದಬಹುದು. ಇದಕ್ಕೆ ಇಳಿ ಮತ್ತು ಗುಡಿಸು ಸೇರಿಸಿದರೆ ದಾರಿ, ಸರಿ, ಗರಿ, ರಾಗಿ ಬಂದವು. ಮೊದಲ ವಾರವೇ ರೇಷನ್ ಅಂಗಡಿಯ ಬೋರ್ಡಿನಲ್ಲಿ ‘ರಾಗಿ’, ‘ದರ’ ಓದಿದವರು ಎರಡನೇ ವಾರ ಬರುತ್ತಾರೆ.

ಆ ಕ್ರಮದಲ್ಲಿ ಮುಂದಿನ ಕಂತು ‘ಜ ವ ಮ ಬ ನ’. ಇಲ್ಲಿ ಮಾತ್ರ ನೀವು ಕೈಹಾಕಿ ಬದಲಿಸಿ. ವ ಮತ್ತು ಮ ಒಂದೇ ವಾರದಲ್ಲಿ ಬೇಡ, ‘ವು’ ಕಲಿತ ಮೇಲಂತೂ ಅದು ಮ ಹಾಗೆಯೇ ಕಾಣುತ್ತದೆ. ಹೋಲುವ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟು ‘ವ್ಯತ್ಯಾಸ ನೋಡಿ’ ಎಂದು ಮೊದಲ ದಿನವೇ ತೋರಿಸಿದರೆ ಎರಡೂ ಕಲಸಿಹೋಗುತ್ತವೆ. ಒಂದು ಗಟ್ಟಿಯಾಗಲಿ, ಎರಡು ವಾರ ಬಿಟ್ಟು ಜೋಡಿ ಬರಲಿ, ಆಮೇಲೆ ಎರಡನ್ನೂ ಒಟ್ಟಿಗಿಟ್ಟು ವಿಂಗಡಿಸಲು ಕೊಡಿ. ಹೀಗೆ ದೂರವಿಡಬೇಕಾದವು: ನ–ಸ, ಪ–ಷ–ಫ–ಘ, ದ–ಧ–ಥ, ಡ–ಢ, ಬ–ಖ, ರ–ಠ, ಎ–ಏ, ಒ–ಓ. ಙ, ಞ, ಋ, ಝ ಮೊದಲ ಆರು ತಿಂಗಳು ಬಾರದಿದ್ದರೆ ಏನೂ ನಷ್ಟವಿಲ್ಲ.

ಕಾಗುಣಿತದಲ್ಲೇ ಹೆಚ್ಚಿನ ಕೇಂದ್ರಗಳು ಎಡವುವುದು. ‘ಕ ಕಾ ಕಿ ಕೀ’ ಎಂದು ರಾಗವಾಗಿ ಹೇಳಿಸಿದರೆ ಹದಿನೈದೂ ಬಾಯಿಗೆ ಬರುತ್ತವೆ. ಆದರೆ ನಡುವಿನಿಂದ ‘ಕೋ’ ತೋರಿಸಿದರೆ ಅವರು ಮನಸ್ಸಿನಲ್ಲೇ ‘ಕ’ದಿಂದ ಹಾಡುತ್ತಾ ಬರಬೇಕು. ತುಟಿ ಅಲ್ಲಾಡುವುದು ಕಾಣುತ್ತದೆ, ನೋಡಿ. ಹಾಡು ಗೊತ್ತಾಗಿದೆ, ಚಿಹ್ನೆ ಗೊತ್ತಾಗಿಲ್ಲ. ಆದ್ದರಿಂದ ಅಡ್ಡಲಾಗಿ ಕಲಿಸಿ: ಒಂದು ಚಿಹ್ನೆ, ಗಟ್ಟಿಯಾದ ಎಲ್ಲ ಅಕ್ಷರಗಳ ಮೇಲೆ. ಇಳಿ ಕೊಟ್ಟರೆ ರಾ ಗಾ ಸಾ ದಾ ಬಾ ನಾ. ಮೂರು ತರಗತಿ ಇದೊಂದೇ. ಆಮೇಲೆ ಗುಡಿಸು, ಕೊಂಬು, ಎತ್ವ, ಸೊನ್ನೆ. ದೀರ್ಘಗಳು ಆಮೇಲೆ, ಒತ್ವ ಓತ್ವ ಅದರ ನಂತರ, ಐತ್ವ ಔತ್ವ ವಟ್ರಸುಳಿ ಎಲ್ಲಕ್ಕೂ ಕೊನೆಗೆ. ಮೊ, ಮೋ, ಯೊ, ಪು, ವು ಮುಂತಾದವು ಸಾಲು ತಪ್ಪಿ ನಡೆಯುವವು, ಅವನ್ನು ‘ಇವು ಸ್ವಲ್ಪ ಬೇರೆ’ ಎಂದು ಹೇಳಿಯೇ ಪ್ರತ್ಯೇಕ ಕಾರ್ಡಿನಲ್ಲಿ ಕೊಡಿ. ನಿಯಮ ಹೇಳಿ ಅದನ್ನು ಮುರಿಯುವ ಅಕ್ಷರವನ್ನು ಮಾತಿಲ್ಲದೆ ಎದುರಿಗಿಟ್ಟರೆ, ತಪ್ಪು ತಮ್ಮದೇ ಎಂದು ಅವರು ತಿಳಿಯುತ್ತಾರೆ.

ಕಾಸರಗೋಡಿನಲ್ಲಿ ಇನ್ನೊಂದು ಗಂಟಿದೆ. ಬಸ್ಸಿನ ಬೋರ್ಡು, ಮಕ್ಕಳ ಪುಸ್ತಕ ನೋಡಿ ಅಲ್ಪಸ್ವಲ್ಪ ಮಲಯಾಳ ಅಕ್ಷರ ಹಿಡಿದವರು ಬಹಳ. ಮಲಯಾಳದಲ್ಲಿ ಎ, ಏ, ಐ ಚಿಹ್ನೆಗಳು ಅಕ್ಷರದ ಎಡಕ್ಕೆ ಬರುತ್ತವೆ, ಕನ್ನಡದಲ್ಲಿ ಎತ್ವ ತಲೆಯ ಮೇಲೆ ಕೂರುತ್ತದೆ. ‘ಕೆರೆ’ಯನ್ನು ಯಾರಾದರೂ ಸತತವಾಗಿ ‘ಕರ’ ಎಂದು ಓದುತ್ತಿದ್ದರೆ ಅವರ ಕಣ್ಣು ಚಿಹ್ನೆಯನ್ನು ಬೇರೆ ಜಾಗದಲ್ಲಿ ಹುಡುಕುತ್ತಿದೆಯೇ ಎಂದು ಕೇಳಿ ನೋಡಿ. ಒಂದು ಲಿಪಿ ಗಟ್ಟಿಯಾಗುವ ತನಕ ಎರಡನ್ನೂ ಒಂದೇ ದಿನ ಕಲಿಸದಿರುವುದೇ ಒಳ್ಳೆಯದು.

ಇನ್ನು ಒತ್ತಕ್ಷರ. ‘ಅಕ್ಕ’ವನ್ನು ‘ಅಕ’ ಎಂದು ಬರೆಯುವವರಿಗೆ ಒತ್ತಿನ ಆಕಾರ ಕಲಿಸುವ ಮೊದಲು ಒತ್ತನ್ನು ಕಿವಿಯಲ್ಲಿ ಹಿಡಿಸಬೇಕು. ಕತೆ–ಕತ್ತೆ, ಬಳಿ–ಬಳ್ಳಿ, ಹಳಿ–ಹಳ್ಳಿ ಹೇಳಿಸಿ. ಎರಡನೆಯದರಲ್ಲಿ ನಾಲಿಗೆ ಒಂದು ಕ್ಷಣ ಅಂಟಿ ನಿಲ್ಲುತ್ತದೆ. ಆ ನಿಲುಗಡೆಗೆ ಮೇಜಿನ ಮೇಲೆ ಬೆರಳು ಒತ್ತಲಿ. ‘ಎಲ್ಲಿ ಬೆರಳು ಒತ್ತಿತೋ ಅಲ್ಲಿ ಒತ್ತು’ ಎಂದರೆ ಮರೆಯುವುದಿಲ್ಲ. ಇದಾದ ಮೇಲೆ ಆಕಾರ. ಸಜಾತೀಯ ಮೊದಲು: ಅಕ್ಕ, ಬೆಟ್ಟ, ಅಣ್ಣ, ಅಪ್ಪ, ಹಳ್ಳಿ. ಇವುಗಳ ಒತ್ತು ತಲಕಟ್ಟು ಕಳಚಿದ ಸಣ್ಣ ಅಕ್ಷರದ ಹಾಗೇ ಇರುತ್ತದೆ. ತ, ನ, ಮ, ಯ, ರ, ಲ ಈ ಆರಕ್ಕೆ ಮಾತ್ರ ಒತ್ತಿನ ವೇಷವೇ ಬೇರೆ. ಈ ಆರಕ್ಕೆ ಎರಡು ವಾರ ಕೊಡಿ: ಕತ್ತೆ, ಅನ್ನ, ಅಮ್ಮ, ಕಲ್ಲು, ಆಮೇಲೆ ಸತ್ಯ, ಚಕ್ರ.

ಅರ್ಕಾವತ್ತು ಕೊನೆಗೆ. ‘ಸೂರ್ಯ’ವನ್ನು ‘ಸೂಯ್ರ’ ಎಂದು ಓದುವುದು ದಡ್ಡತನವಲ್ಲ, ಬರೆದದ್ದನ್ನು ಬರೆದ ಕ್ರಮದಲ್ಲೇ ಓದಿದ ಪ್ರಾಮಾಣಿಕತೆ. ಯ ಮೊದಲು ಕಾಣುತ್ತದೆ, ರಕಾರದ ಗುರುತು ಅದರ ಬಲಕ್ಕಿದೆ, ಬಾಯಲ್ಲಿ ಮಾತ್ರ ರಕಾರ ಮೊದಲು ಬರಬೇಕು. ಕನ್ನಡದಲ್ಲಿ ಧ್ವನಿಯ ಕ್ರಮ ಮತ್ತು ಬರಹದ ಕ್ರಮ ಹೀಗೆ ಅದಲುಬದಲಾಗುವ ಜಾಗ ಇದು. ಕೆಂಪು ಪೆನ್ನಿನಲ್ಲಿ ಅರ್ಕದಿಂದ ಹಿಂದಿನ ಅಕ್ಷರದ ಎಡಕ್ಕೆ ಬಾಣ ಎಳೆಯಿರಿ, ಬೆರಳು ಆ ದಾರಿಯಲ್ಲೇ ಹಾರಿ ಬರಲಿ. ಬರೆಯುವಾಗ ಇನ್ನೊಂದು ಉಪಾಯವಿದೆ: ರ ಬರೆದು ಅದಕ್ಕೆ ಯ ಒತ್ತು ಕೊಡುವುದೂ ತಪ್ಪಲ್ಲ. ಮೊದಮೊದಲು ಹಾಗೆಯೇ ಬರೆಯಲಿ. ಓದುವಾಗ ಎರಡೂ ಗುರುತಿಸಿದರಾಯಿತು. ಮಾರ್ಗ, ಅರ್ಜಿ, ವಾರ್ಡು, ಕಾರ್ಡು ಇವರಿಗೆ ದಿನಾ ಬೇಕಾಗುವ ಪದಗಳಾದ್ದರಿಂದ ಇದನ್ನು ಬಿಟ್ಟುಬಿಡುವಂತಿಲ್ಲ.

ಊರಿನ ಹೆಸರುಗಳೇ ನಿಮಗೆ ಸಿದ್ಧ ಪಾಠ. ಅಡೂರು, ಕುಂಬಳೆ ಓದಲು ಒತ್ತು ಬೇಡ. ಉಪ್ಪಳ, ಮುಳ್ಳೇರಿಯ ಎಂದರೆ ಸಜಾತೀಯ ಒತ್ತು. ಬದಿಯಡ್ಕ, ಮಂಜೇಶ್ವರಕ್ಕೆ ವಿಜಾತೀಯ. ಪೆರ್ಲ, ನೀರ್ಚಾಲು ಅರ್ಕಾವತ್ತಿಗೆ. ಇದೇ ಏರಿಕೆಯಲ್ಲಿ ಕಾರ್ಡು ಮಾಡಿಡಿ. ವಯಸ್ಕರ ಕೈಗೆ ಗಿಳಿ, ಮೊಲದ ಪುಸ್ತಕ ಕೊಡುವ ಮುಜುಗರವೂ ತಪ್ಪುತ್ತದೆ.

ಒಂದು ತರಗತಿ ಹೇಗಿರಬೇಕು

ಎಪ್ಪತ್ತೈದು ನಿಮಿಷ, ವಾರಕ್ಕೆ ಮೂರು ಸಲ. ಭಾನುವಾರ ಮೂರು ಗಂಟೆ ಒಟ್ಟಿಗೆ ಕೂರಿಸುವುದಕ್ಕಿಂತ ಇದು ಎಷ್ಟೋ ಮೇಲು. ಅದೇ ಹೊತ್ತನ್ನು ದಿನಗಳಿಗೆ ಹಂಚಿದರೆ ಹೆಚ್ಚು ಉಳಿಯುತ್ತದೆ ಎಂಬುದು ಕಲಿಕೆಯ ಸಂಶೋಧನೆಯಲ್ಲಿ ಬಹಳ ಗಟ್ಟಿಯಾಗಿ ನಿಂತಿರುವ ಮಾತು.

ಮೊದಲ ಹತ್ತು ನಿಮಿಷ ಕಾರ್ಡಿನ ಪೆಟ್ಟಿಗೆ. ಮಿಠಾಯಿ ಡಬ್ಬಿಯಲ್ಲಿ ಮೂರು ಖಾನೆ ಮಾಡಿ, ಪ್ರತಿಯೊಬ್ಬರಿಗೂ ಅವರದೇ ಒಂದು. ಮೊದಲ ಖಾನೆಯದ್ದು ಪ್ರತಿ ತರಗತಿಯಲ್ಲಿ, ಎರಡನೆಯದ್ದು ವಾರಕ್ಕೊಮ್ಮೆ, ಮೂರನೆಯದ್ದು ತಿಂಗಳಿಗೊಮ್ಮೆ. ಥಟ್ಟನೆ ಸರಿ ಬಂದರೆ ಒಂದು ಖಾನೆ ಮುಂದೆ, ತಪ್ಪಿದರೆ ಅಥವಾ ಯೋಚಿಸಿದರೆ ಮೊದಲಿಗೆ. ಹೊಸ ಕಾರ್ಡು ವಾರಕ್ಕೆ ಐದರಿಂದ ಎಂಟು ಸಾಕು. ಉತ್ತರವನ್ನು ಮತ್ತೆ ಮತ್ತೆ ನೋಡುವುದಕ್ಕಿಂತ, ಮುಚ್ಚಿಟ್ಟು ನೆನಪಿನಿಂದ ಎಳೆದು ತರುವುದರಲ್ಲಿ ಹೆಚ್ಚು ಕಲಿಕೆ ಇದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ತೋರಿಸಿದರು: ಮತ್ತೆ ಓದಿದವರಿಗೆ ಐದು ನಿಮಿಷದ ಮಟ್ಟಿಗೆ ಲಾಭ, ನೆನಪಿಸಿಕೊಂಡು ಬರೆದವರಿಗೆ ವಾರ ಕಳೆದ ಮೇಲೂ ಲಾಭ.

ಆಮೇಲೆ ಹದಿನೈದು ನಿಮಿಷ ಹೊಸತು. ಇಪ್ಪತ್ತು ನಿಮಿಷ ಅದೇ ಅಕ್ಷರಗಳಿಂದ ಪದ ಕಟ್ಟುವುದು, ಒಂದೊಂದೇ ಬದಲಿಸುತ್ತಾ: ದರ–ದಾರ–ದಾರಿ–ಸಾರಿ–ಸರಿ. ಮೊದಲನೆಯದು ಮರೆಯುವವರಿಗೆ ಇಲ್ಲೇ ಒಂದು ಪಟ್ಟು ಇದೆ. ಪೂರ್ತಿ ಪದ ತೋರಿಸದೆ ಕಾಗದ ಸರಿಸುತ್ತಾ ಹೋಗಿ, ‘ಗ’ ಓದಿ, ‘ಗರ’ ಓದಿ, ‘ಗರಗ’, ‘ಗರಗಸ’. ಪ್ರತಿ ಸಲ ಮೊದಲಿನಿಂದ. ಆಗ ಹಿಡಿದಿಡಬೇಕಾದ್ದು ನಾಲ್ಕು ಬಿಡಿ ಧ್ವನಿಯಲ್ಲ, ಬೆಳೆಯುತ್ತಿರುವ ಒಂದೇ ಪದ.

ಮುಂದಿನ ಹದಿನೈದು ನಿಮಿಷ ಸಣ್ಣ ಗದ್ಯ, ಐವತ್ತು ಪದದ್ದು. ನೀವು ಓದಿ, ಒಟ್ಟಿಗೆ ಓದಿ, ಅವರು ಓದಲಿ. ಅದೇ ಗದ್ಯ ಮರುದಿನವೂ ಬರಲಿ. ಕೊನೆಗೆ ಉಕ್ತಲೇಖನ: ಆರು ಪದ, ಎರಡು ವಾಕ್ಯ, ಬರೆಯುತ್ತಾ ಬಾಯಲ್ಲಿ ಹೇಳಿಕೊಂಡು. ಬೋರ್ಡು ನೋಡಿ ನಕಲು ಬರೆಸುವುದರಿಂದ ಪುಟ ತುಂಬುತ್ತದೆ, ಅಷ್ಟೆ. ಅಕ್ಷರವನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸಿ, ಏನು ಬರೆದೆನೆಂದು ಗೊತ್ತಿಲ್ಲದೆ ಎದ್ದು ಹೋಗುವವರಿದ್ದಾರೆ. ತಿದ್ದುವಾಗ ಆ ವಾರ ಕಲಿಸಿದ್ದನ್ನು ಮಾತ್ರ ತಿದ್ದಿ. ತುಳುವಿನ ಆಡುಮಾತಿನಲ್ಲಿ ಮಹಾಪ್ರಾಣ ಕೇಳಿಬರುವುದು ಅಪರೂಪವಾದ್ದರಿಂದ ‘ಭತ್ತ’ ‘ಬತ್ತ’ವಾಗುತ್ತದೆ. ಅದನ್ನು ಕೆಂಪು ಮಾಡುವುದು ಮೊದಲ ವರ್ಷದ ಕೆಲಸವಲ್ಲ. ಅರ್ಥವನ್ನು ಧಾರಾಳವಾಗಿ ತುಳುವಿನಲ್ಲೇ ಹೇಳಿ.

ಮುದ್ರಿಸಿ ಕೊಡುವುದಾದರೆ ಅಕ್ಷರ 18 ಪಾಯಿಂಟ್‌ಗಿಂತ ಕಡಿಮೆ ಬೇಡ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಎತ್ವಕ್ಕೆ ತಾಗುತ್ತದೆ. ಬಣ್ಣದ ಪ್ಲಾಸ್ಟಿಕ್ ಹಾಳೆ ಇಟ್ಟು ಓದಿಸಿದರೆ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಎಂದು ಮಾರುವವರಿದ್ದಾರೆ, ಅದಕ್ಕೆ ದುಡ್ಡು ಹಾಕಬೇಡಿ.

ಹನ್ನೊಂದು ಜನರ ನಡುವೆ ಮೂವರಿಗೆ ಇಷ್ಟು ಹೇಗೆ ಎಂದು ನೀವು ಕೇಳಬಹುದು. ಪೆಟ್ಟಿಗೆ ಕೆಲಸವನ್ನು ಜೋಡಿಗಳಲ್ಲಿ ಮಾಡಿಸಿ, ಪದ ಕಟ್ಟುವ ಹೊತ್ತಿಗೆ ಉಳಿದವರಿಗೆ ಓದಲು ಕೊಟ್ಟು ಈ ಮೂವರ ಜೊತೆ ನೀವು ಕೂರಿ. ಎಲ್ಲರೂ ಒಟ್ಟಿಗೆ ಕೂಗಿ ಓದುವ ಪದ್ಧತಿಯನ್ನು ಮಾತ್ರ ಕಡಿಮೆ ಮಾಡಿ, ಹಿಂದೆ ಬಿದ್ದವರು ಅಡಗಿಕೊಳ್ಳುವುದು ಅಲ್ಲೇ. ‘ಇದು ಸುಲಭ’ ಎಂಬ ಮಾತೂ ಬೇಡ. ಸುಲಭವಾದದ್ದು ಬಾರದಿದ್ದರೆ ನಾಚಿಕೆ ಹೆಚ್ಚು. ಒತ್ತಕ್ಷರ ಶುರುವಾದ ಹೊತ್ತಿಗೆ ಓದಿನ ವೇಗ ಇಳಿಯುತ್ತದೆ. ಹಾಗಾಗುತ್ತದೆಂದು ಮೊದಲೇ ಹೇಳಿಡಿ, ಆಗ ಬಿಟ್ಟುಹೋಗುವವರು ಕಡಿಮೆ. ಅಡಿಕೆ ಕೊಯ್ಲು, ಮದುವೆಯ ಕಾಲದಲ್ಲಿ ಎರಡು ಮೂರು ವಾರ ತಪ್ಪಿಸಿ ಬಂದವರಿಗೆ ಹೊಸ ಪಾಠ ಕೊಡದೆ ಒಂದು ದಿನ ಪೂರ್ತಿ ಪೆಟ್ಟಿಗೆಯಲ್ಲೇ ಕಳೆಯಿರಿ.

ಲೆಕ್ಕದ ಬಗ್ಗೆ ಒಂದೇ ಮಾತು. ಬಾಯಿಲೆಕ್ಕ ಬಲ್ಲವರು ಬರೆಯುವಾಗ ‘ನೂರ ಐದು’ ಎಂಬುದನ್ನು 1005 ಎಂದು ಬರೆಯುವುದುಂಟು: ನೂರು ಬರೆದರು, ಪಕ್ಕಕ್ಕೆ ಐದು ಬರೆದರು. ನೂರರ, ಹತ್ತರ ನೋಟು, ಒಂದರ ನಾಣ್ಯವನ್ನು ಮೂರು ಮನೆಯಲ್ಲಿಟ್ಟು ಖಾಲಿ ಮನೆಗೆ ಸೊನ್ನೆ ಹಾಕಿಸಿ, ಒಂದು ವಾರದಲ್ಲಿ ಸರಿಹೋಗುತ್ತದೆ.

ಪರೀಕ್ಷೆಯ ಸಮಯ, ಪ್ರಮಾಣಪತ್ರ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿದೆ, ಡಿಸ್ಲೆಕ್ಸಿಯಾ ಬರುವುದು ಇದರಲ್ಲೇ. ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರವಿದ್ದರೆ, ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಮತ್ತು ಬೇಕಿದ್ದರೆ ಬರೆದುಕೊಡುವವರ ನೆರವು ಸಿಗಬೇಕು. 40ಕ್ಕಿಂತ ಕಡಿಮೆಯಿದ್ದು ಬರೆಯಲು ಕಷ್ಟವಿರುವವರ ಪ್ರಶ್ನೆ 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದರ ಫಲವಾಗಿ 2022ರಲ್ಲಿ ಅಂಥವರಿಗೂ ಮಾರ್ಗಸೂಚಿ ಬಂತು. ಇವನ್ನು ಆಧಾರವಾಗಿಟ್ಟು ತುಲ್ಯತಾ ಪರೀಕ್ಷೆಗೆ ಹೆಸರು ನೋಂದಾಯಿಸುವ ದಿನವೇ ಜಿಲ್ಲಾ ಸಾಕ್ಷರತಾ ಮಿಷನ್‌ಗೆ ಲಿಖಿತ ಅರ್ಜಿ ಕೊಡಿ, ನಕಲು ಪ್ರತಿಯಲ್ಲಿ ಸ್ವೀಕೃತಿ ಹಾಕಿಸಿಕೊಳ್ಳಿ. ಪರೀಕ್ಷೆಯ ಹಿಂದಿನ ವಾರ ಕೇಳಿದರೆ ಯಾರೂ ಏನೂ ಮಾಡಲಾರರು.

ಪ್ರಮಾಣಪತ್ರದ ದಾರಿ ವಯಸ್ಕರಿಗೆ ಸುಗಮವಾಗಿಲ್ಲ. ಬಳಕೆಯಲ್ಲಿರುವ ನಿಮ್ಹಾನ್ಸ್‌ನ ಪರೀಕ್ಷಾ ಸಾಮಗ್ರಿ ಮಕ್ಕಳಿಗಾಗಿ ರೂಪಿಸಿದ್ದು. ಹಾಗಾಗಿ ತಜ್ಞರು ಹಿಂದಿನ ಶಾಲೆಯ ಕತೆ, ಮನೆಯವರ ಮಾತು, ಈಗಿನ ಓದುಬರಹದ ಮಾದರಿ ಎಲ್ಲವನ್ನೂ ಸೇರಿಸಿ ತೂಗಬೇಕಾಗುತ್ತದೆ. ಕನ್ನಡದಲ್ಲೇ ಪರೀಕ್ಷಿಸಬಲ್ಲವರು ಬೇಕೆಂದು ಕೇಳಿ. ಮಲಯಾಳ ಅಥವಾ ಇಂಗ್ಲಿಷಿನಲ್ಲಿ ಓದಿಸಿ ಬರೆದ ವರದಿಯಿಂದ ಕನ್ನಡದ ಓದುಗರ ಬಗ್ಗೆ ಹೆಚ್ಚೇನೂ ತಿಳಿಯದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ತಕ್ಕ ಜಾಗಗಳು. ಅಂಗವಿಕಲ ಗುರುತಿನ ಚೀಟಿಗೆ ಆನ್‌ಲೈನ್ ಅರ್ಜಿ ಹಾಕಲು ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಸಹಾಯ ಕೇಳಬಹುದು. ಇಷ್ಟೆಲ್ಲ ಓಡಾಟ ಬೇಕೇ ಎನ್ನುವುದನ್ನು ಆ ಅಕ್ಕನೇ ತೀರ್ಮಾನಿಸಲಿ, ಮತ್ತು ಅದನ್ನು ತರಗತಿಯ ಉಳಿದವರ ಮುಂದೆ ಮಾತಾಡಬೇಡಿ.

ಈ ವಯಸ್ಸಿಗೆ ಸರಿಹೋದೀತೇ ಎಂದಿರಿ. ನಿಧಾನ ಉಳಿಯಬಹುದು, ಓದು ಬರುತ್ತದೆ. ಏಳನೇ ತರಗತಿಯ ತುಲ್ಯತಾ ಪರೀಕ್ಷೆಯನ್ನು ಈ ವರ್ಷಕ್ಕೇ ಕಟ್ಟಿಹಾಕಬೇಡಿ, ಮುಂದಿನ ವರ್ಷಕ್ಕೆ ಇಡಿ. ಅಷ್ಟರೊಳಗೆ ಕೈಗೆ ಸಿಗುವ ಕೆಲಸ ಬೇಕು. ಅವರು ಕುಟುಂಬಶ್ರೀ ಅಯಲ್‌ಕೂಟದಲ್ಲಿ (ನೆರೆಹೊರೆಯ ಹೆಂಗಸರ ಗುಂಪಿನಲ್ಲಿ) ಇದ್ದರೆ, ವಾರದ ಮಿನಿಟ್ಸ್ ಪುಸ್ತಕದ ಎರಡೇ ಸಾಲು ಅವರು ಬರೆಯುವಂತೆ ಕಾರ್ಯದರ್ಶಿಯ ಹತ್ತಿರ ಮಾತಾಡಿ: ದಿನಾಂಕ, ಮತ್ತು ‘ಹಾಜರಾದವರು ಇಷ್ಟು ಜನ’. ಆ ಮೂರ್ನಾಲ್ಕು ಪದಗಳನ್ನು ಮುಂದಿನ ಸೋಮವಾರದ ಪೆಟ್ಟಿಗೆಗೆ ಹಾಕಿ. ‘ಹಾಜರಾದವರು’ ಎನ್ನುವುದರಲ್ಲಿ ಒತ್ತಿಲ್ಲ, ದೀರ್ಘಗಳೂ ಇಳಿಯದ್ದೇ. ‘ಇಷ್ಟು’ ಮಾತ್ರ ಈಗ ಬೇಡ, ಅಲ್ಲಿ ಅಂಕಿ ಬರೆಯಲಿ.